ಗುರುಕುಲದ ಬೀಳ್ಕೊಡುಗೆಯ ಪಾಠ

ಗುರುಕುಲ ನಡೆಸುವವರ ಮನಸ್ಸು ಹೇಗಿರಬೇಕೆಂಬುದನ್ನು ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿ ನಮಗೆ ತಿಳಿಸುತ್ತದೆ. ಅದರ 4ನೇ ಅನುವಾಕದಲ್ಲಿ ಆಚಾರ್ಯರು, ನೀರು ತಗ್ಗಿಗೆ ಹರಿಯುವಂತೆ ಶಿಷ್ಯರು ಎಲ್ಲ ಕಡೆಯಿಂದ ತಮ್ಮ ಬಳಿ ಬರಲೆಂದು ಪ್ರಾರ್ಥಿಸುತ್ತಾರೆ. ನೀರು ಬರಬೇಕಾದರೆ ನೆಲ ತಗ್ಗಾಗಿರಬೇಕು. ಕಲಿಸುವವರಿಗೂ ವಿನಯ ಬೇಕೆಂದು ನಾವು ಅರ್ಥಮಾಡಿಕೊಳ್ಳಬಹುದು.

11ನೇ ಅನುವಾಕವು ಅಧ್ಯಯನ ಮುಗಿಸಿದ ಶಿಷ್ಯನಿಗೆ ಹೇಳುವ ಬೀಳ್ಕೊಡುಗೆಯ ಮಾತು. ತಾಯಿ, ತಂದೆ, ಆಚಾರ್ಯ, ಅತಿಥಿಗಳನ್ನು ದೇವರೆಂದು ಕಾಣಬೇಕೆಂಬ ಉಪದೇಶ ನಮ್ಮೆಲ್ಲರಿಗೂ ಬಾಯಿಪಾಠ. ಅದರ ಬೆನ್ನಿಗೇ ಬರುವ ಮಾತು ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ತಮ್ಮ ನಡತೆಯಲ್ಲಿ ಒಳ್ಳೆಯದನ್ನು ಮಾತ್ರ ಅನುಸರಿಸಬೇಕು, ಉಳಿದದ್ದನ್ನಲ್ಲ ಎಂದು ಆಚಾರ್ಯರೇ ಹೇಳುತ್ತಾರೆ! ಗುರುವನ್ನು ಪೂಜಿಸಲು ಹೇಳಿದ ಬಾಯಿಯೇ ವಿವೇಚಿಸಲೂ ಹೇಳುತ್ತದೆ. ಸಂದೇಹ ಬಂದಾಗ ಯಾರನ್ನು ನೋಡಿ ನಡೆಯಬೇಕು? ವಿಚಾರವಂತರೂ ಧರ್ಮದಲ್ಲಿ ಆಸಕ್ತರೂ ಆಗಿದ್ದು, ಒರಟಾಗಿ ವರ್ತಿಸದ ಹಿರಿಯರನ್ನು.

ದೇವಸ್ಥಾನದ ಭಾನುವಾರದ ಪಾಠಶಾಲೆಯಲ್ಲಿ ನಮ್ಮ ಮಕ್ಕಳು "ಯಾಕೆ?" ಎಂದು ಕೇಳುತ್ತಾರೆ. ಅದನ್ನು ಉದ್ಧಟತನವೆಂದು ಗದರಿಸಿದರೆ ಮುಂದಿನ ವಾರ ಮಗು ಬಂದರೂ ಅದರ ಮನಸ್ಸು ಬಾರದು.

ಮನೆಯಲ್ಲಿ ಮಕ್ಕಳೊಡನೆ ಕೂತು ಈ ಅನುವಾಕವನ್ನು ಅರ್ಥಸಹಿತ ಓದೋಣ. ನಮ್ಮ ನಡತೆಯಲ್ಲಿ ಅನುಸರಿಸಲು ಯೋಗ್ಯವಾದದ್ದು ಯಾವುದೆಂದು ಅವರನ್ನೇ ಕೇಳೋಣ. ಉತ್ತರವನ್ನು ಸಮಾಧಾನದಿಂದ ಕೇಳಿಸಿಕೊಳ್ಳೋಣ.