ಪರಿಗ್ರಹ ಪರಿಮಾಣವೂ ಮನೆಯ ಲೆಕ್ಕವೂ

ಶ್ರಾವಕನ ಅಣುವ್ರತಗಳಲ್ಲಿ ಐದನೆಯದು ಪರಿಗ್ರಹ ಪರಿಮಾಣ. ಹೊಲಮನೆ, ಬೆಳ್ಳಿಬಂಗಾರ, ಧನಧಾನ್ಯ ಮೊದಲಾದವುಗಳಿಗೆ ತಾನೇ ಒಂದು ಮಿತಿಯನ್ನು ಗೊತ್ತುಮಾಡಿಕೊಂಡು, ಅದರಾಚೆಗೆ ಆಸೆಪಡದಿರುವುದೇ ಈ ವ್ರತ. ಆದುದರಿಂದಲೇ ಇದಕ್ಕೆ ಇಚ್ಛಾಪರಿಮಾಣವೆಂಬ ಹೆಸರೂ ಉಂಟು. ಇದು ಸಿರಿವಂತರಿಗೆ ಹೇಳಿದ ವ್ರತ, ನಮಗೇಕೆ ಎಂದು ಅನೇಕರು ಭಾವಿಸುತ್ತಾರೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹಕ್ಕೆ ಹೇಳಿದ ಲಕ್ಷಣ ಮೂರ್ಛೆ, ಅಂದರೆ ಮಮತೆ. ಕೈಯಲ್ಲಿ ಹಣವಿಲ್ಲದೆ ಸಾಲಮಾಡಿ ವಸ್ತುವನ್ನು ತರುವವನಲ್ಲಿಯೂ ಆ ಮಮತೆ ಇದ್ದೇ ಇದೆ. ಆದುದರಿಂದ ಬಡವನಿಗೂ ಈ ವ್ರತ ಬೇಕು. ಇದನ್ನು ಮುಂದೂಡಲು ನಾವು ಹೇಳುವ ಮೂರು ನೆಪಗಳನ್ನು ಇಲ್ಲಿ ವಿಚಾರಿಸೋಣ.

ಮೊದಲನೆಯ ನೆಪ, "ನನ್ನದು ಲಾಭಾಂತರಾಯ ಕರ್ಮದ ಉದಯ, ಹಣ ನಿಲ್ಲುವುದಿಲ್ಲ" ಎಂಬುದು. ಲಾಭಾಂತರಾಯವು ದೊರೆಯಬೇಕಾದುದನ್ನು ದೊರೆಯದಂತೆ ತಡೆಯುತ್ತದೆ. ದೊರೆತುದನ್ನು ಲೆಕ್ಕವಿಲ್ಲದೆ ವ್ಯಯಮಾಡಿದರೆ ಅದು ಅಂತರಾಯದ ಕೆಲಸವಲ್ಲ, ನಮ್ಮ ಅಸಂಯಮದ ಕೆಲಸ. ಕರ್ಮಸಿದ್ಧಾಂತವು ಪುರುಷಾರ್ಥವನ್ನು ಬಿಡಲು ಹೇಳಿಲ್ಲ. ತಿಂಗಳ ಖರ್ಚನ್ನು ಬರೆದಿಡದವನು ಕರ್ಮವನ್ನು ದೂರುವುದು ನ್ಯಾಯವಲ್ಲ.

ಎರಡನೆಯ ನೆಪ, "ಆದಾಯವೇ ಅಲ್ಪ, ಉಳಿಸುವುದೇನು?" ನಾನಿರುವ ಕಡಿಯಾಳಿಯು ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ದಾರಿಯಲ್ಲಿದೆ. ಈ ನೆಪಕ್ಕೆ ಉತ್ತರವು ನಮ್ಮ ಈ ಪ್ರದೇಶದಲ್ಲಿಯೇ ದೊರೆತಿದೆ. 1925ರಲ್ಲಿ ಡಾ. ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವರು ಉಡುಪಿಯಲ್ಲಿ ಸ್ಥಾಪಿಸಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಪ್ರಸಿದ್ಧವಾಯಿತು. 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟರು ಮನೆಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸ್ವೀಕರಿಸುತ್ತಿದ್ದರು. ದಿನಕ್ಕೆ ಎರಡಾಣೆಯಂತೆ ವರ್ಷಕ್ಕೆ 730 ಆಣೆ, ಅಂದರೆ 45 ರೂಪಾಯಿ 10 ಆಣೆ. ಬಡ್ಡಿ ಬೇರೆ. ಮೊತ್ತ ಕಿರಿದಾದರೂ ಕ್ರಮವು ತಪ್ಪದಿದ್ದರೆ ಫಲವುಂಟು. ಉಪವಾಸವೂ ಹೀಗೆಯೇ ಅಲ್ಲವೇ? ಏಕಾಶನದಿಂದ ಆರಂಭಿಸಿದವನೇ ಮುಂದೆ ದೀರ್ಘೋಪವಾಸಕ್ಕೆ ಶಕ್ತನಾಗುತ್ತಾನೆ.

ಮೂರನೆಯ ನೆಪ, "ಜನರೇನೆಂದಾರು?" ಇದು ಅತ್ಯಂತ ಪ್ರಬಲವಾದುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ವಿಸ್ಮಯವೂ ಅತಿಭಾರವಹನವೂ ಸೇರಿವೆ. ಪರರ ಸಂಪತ್ತನ್ನು ಕಂಡು ಬೆರಗಾಗಿ ಕಳವಳಗೊಳ್ಳುವುದು ವಿಸ್ಮಯ. ಲೋಭದಿಂದ ಎತ್ತು ಮೊದಲಾದವುಗಳ ಮೇಲೆ ಅವು ಹೊರಲಾರದಷ್ಟು ಭಾರವನ್ನು ಹೇರುವುದು ಅತಿಭಾರವಹನ. ಸ್ವಂತ ಕುಟುಂಬದ ಮೇಲೆ ಹೊರಲಾರದ ಸಾಲವನ್ನು ಹೇರುವುದು ಇದಕ್ಕೆ ಸಮಾನವಾದ ದೋಷವೆಂದೇ ನನ್ನ ತಿಳಿವಳಿಕೆ.

ದುಃಖದ ಸಂಗತಿಯೆಂದರೆ, ಈ ದೋಷವು ಮದುವೆಮನೆಯಿಂದ ನೋಂಪಿಯ ಉದ್ಯಾಪನೆಗೂ ಕಾಲಿಟ್ಟಿದೆ. ಒಂದು ಲೆಕ್ಕವನ್ನು ಮಾಡೋಣ. ತಿಂಗಳಿಗೆ 24,000 ರೂಪಾಯಿ ಗಳಿಸುವ ಗೃಹಸ್ಥನು ಉದ್ಯಾಪನೆಯ ವೈಭವಕ್ಕಾಗಿ ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಯಂತೆ 1,00,000 ರೂಪಾಯಿ ಸಾಲ ತಂದನೆನ್ನಿ. ವರ್ಷದ ಬಡ್ಡಿಯೇ 24,000. ಹನ್ನೆರಡು ತಿಂಗಳುಗಳಲ್ಲಿ ಒಂದು ತಿಂಗಳ ದುಡಿಮೆ ಬಡ್ಡಿಗೇ ಹೋಯಿತು. ಅಸಲು ಹಾಗೆಯೇ ಉಳಿಯಿತು. ವ್ರತಿಕಳ ಮನಸ್ಸಿನಲ್ಲಿ ಶಾಂತಿಯ ಬದಲು ಚಿಂತೆ ನೆಲೆಸಿತು. ಉದ್ಯಾಪನೆಗೆ ಶಕ್ತಿಯಿಲ್ಲದವರು ವ್ರತವನ್ನು ಇಮ್ಮಡಿ ಕಾಲ ಆಚರಿಸಬಹುದೆಂದು ವ್ರತವಿಧಿಯಲ್ಲಿಯೇ ಹೇಳಿದೆ. ಷೋಡಶಭಾವನೆಗಳಲ್ಲಿಯೂ ತ್ಯಾಗ, ತಪಸ್ಸುಗಳಿಗೆ "ಶಕ್ತಿತಃ" ಎಂಬ ವಿಶೇಷಣವಿದೆ. ಧರ್ಮವು ಕೇಳದ ಸಾಲವನ್ನು ಧರ್ಮದ ಹೆಸರಿನಲ್ಲಿ ಮಾಡಕೂಡದು.

ಇನ್ನು ಆಚರಣೆಯ ಕ್ರಮ. ಒಮ್ಮೆ ಮಾತ್ರ ಅನುಭವಿಸುವ ಆಹಾರಾದಿಗಳು ಭೋಗ. ಮತ್ತೆಮತ್ತೆ ಅನುಭವಿಸುವ ವಸ್ತ್ರಾಭರಣಾದಿಗಳು ಉಪಭೋಗ. ಇವುಗಳ ಮಿತಿಯನ್ನು ಜೀವನಪರ್ಯಂತ ಕೈಗೊಂಡರೆ ಯಮ, ಒಂದು ದಿನ, ಪಕ್ಷ, ಮಾಸ ಎಂದು ಕಾಲವನ್ನು ಗೊತ್ತುಮಾಡಿದರೆ ನಿಯಮ. ಯಮಕ್ಕೆ ಅಂಜುವವರು ನಿಯಮದಿಂದ ಆರಂಭಿಸಲಿ. ಈ ಒಂದು ತಿಂಗಳು ಕಂತಿನ ಮೇಲೆ ಯಾವ ವಸ್ತುವನ್ನೂ ಕೊಳ್ಳುವುದಿಲ್ಲ, ಮೊಬೈಲಿನಿಂದ ಪಾವತಿಸಿದ ಪ್ರತಿಯೊಂದು ಹಣವನ್ನೂ ಬರೆದಿಡುತ್ತೇನೆ ಎಂಬ ಎರಡು ನಿಯಮಗಳೇ ಸಾಕು. ಅಷ್ಟಮಿ, ಚತುರ್ದಶಿಗಳ ಪ್ರೋಷಧೋಪವಾಸದಲ್ಲಿ ಆರಂಭತ್ಯಾಗವಿರುವುದರಿಂದ ಸಪ್ತಮಿ, ತ್ರಯೋದಶಿಗಳಂದೇ ಲೆಕ್ಕವನ್ನು ಮುಗಿಸಿಡತಕ್ಕದ್ದು. ಉಳಿದ ಹಣದಲ್ಲಿ ಮೊದಲು ಸಾಲ ತೀರಲಿ. ಬಳಿಕ ಆಪತ್ತಿಗೊಂದು ಭಾಗ, ದಾನಕ್ಕೊಂದು ಭಾಗ ಇರಲಿ. ಋಣವಿಲ್ಲದವನ ದಾನವು ಅಲ್ಪವಾದರೂ ಅದು ಅವನದೇ ದಾನ.

ಮನನಕ್ಕೆ:
1. ಕಳೆದ ತಿಂಗಳು ನಾವು ತಂದ ವಸ್ತುಗಳಲ್ಲಿ ಭೋಗವೆಷ್ಟು, ಉಪಭೋಗವೆಷ್ಟು, ಅನಾವಶ್ಯಕವೆಷ್ಟು?
2. ಮೇಲಿನ ಮೂರು ನೆಪಗಳಲ್ಲಿ ನಮ್ಮ ಮನೆಯಲ್ಲಿ ಹೆಚ್ಚಾಗಿ ಕೇಳಿಬರುವುದು ಯಾವುದು?
3. ಬರುವ ಪಕ್ಷಕ್ಕೆ ನಾವು ಕೈಗೊಳ್ಳಬಲ್ಲ ಒಂದು ನಿಯಮ ಯಾವುದು?