ಡ್ರಿಪ್‌ಗೆ ದುಡ್ಡು ಕಟ್ಟುವ ಮುಂಚೆ

ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆದಾಗಿನಿಂದ ನೀನು ರಾತ್ರಿಯೆಲ್ಲ ಮೊಬೈಲ್ ಹಿಡಿದು ಕೂತಿದ್ದೀಯ. ಓದು, ಬೇಡ ಅನ್ನೋದಿಲ್ಲ. ಆದರೆ ಅರ್ಧ ಓದಿ ಎದ್ದು ಓಡುವುದು ನಿನ್ನ ಹುಟ್ಟುಗುಣ ಕಣಪ್ಪ. ಕೀಲೇಷನ್ ಡ್ರಿಪ್ ಹಾಕಿಸಿದರೆ ಮೈಯೊಳಗಿನ ಸೀಸ, ಕ್ಯಾಡ್ಮಿಯಂ ಎಲ್ಲ ಮೂತ್ರದಲ್ಲಿ ಹೋಗಿ ರಕ್ತನಾಳ ಹೊಸದಾಗುತ್ತದೆ ಅಂತ ಯಾರೋ ಹೇಳಿದರು, ನೀನು ಮುಂಗಡ ಕಟ್ಟಲು ಹೊರಟೆ. ಆ ದುಡ್ಡು ಸದ್ಯ ಜೇಬಿನಲ್ಲೇ ಇರಲಿ.

ನೀನು ಹೇಳೋದರಲ್ಲಿ ಹುರುಳಿಲ್ಲ ಅಂತಲ್ಲ. ಸೀಸ ಬಿ.ಪಿ. ಏರಿಸುತ್ತದೆ, ರಕ್ತನಾಳ ಕೆಡಿಸುತ್ತದೆ. 2013ರಲ್ಲಿ ಅಮೆರಿಕ, ಕೆನಡಾದ ವೈದ್ಯರು ಒಮ್ಮೆ ಹೃದಯಾಘಾತವಾಗಿದ್ದ 1,708 ಮಂದಿಯ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ ಹೊರಬಿತ್ತು. ಡ್ರಿಪ್ ಹಾಕಿಸಿಕೊಂಡವರಲ್ಲಿ ತೊಂದರೆ 18% ಕಡಿಮೆ. ಸಕ್ಕರೆ ಕಾಯಿಲೆಯವರಲ್ಲಂತೂ ಇನ್ನೂ ಕಡಿಮೆ. ನೀನು ಓದಿದ್ದು ಇಲ್ಲಿಯವರೆಗೆ.

ಮುಂದಿನದು ಕೇಳು. ಆ ಪರೀಕ್ಷೆಯ ಮುಂದಾಳು ಡಾಕ್ಟರ್ ಲಾಮಾಸ್ ಸುಮ್ಮನೆ ಬೆನ್ನು ತಟ್ಟಿಕೊಂಡು ಕೂರಲಿಲ್ಲ. ಸಕ್ಕರೆ ಕಾಯಿಲೆಯೂ ಇದ್ದ, ಹೃದಯಾಘಾತವೂ ಆಗಿದ್ದ ಸಾವಿರ ಜನರನ್ನು ಆರಿಸಿ ಮತ್ತೆ ಪರೀಕ್ಷಿಸಿದರು. ವಾರಕ್ಕೊಂದರಂತೆ 40 ಡ್ರಿಪ್, ಒಂದೊಂದಕ್ಕೂ ಮೂರು ಗಂಟೆ. 2024ರಲ್ಲಿ ಉತ್ತರ ಬಂತು. ರಕ್ತದ ಸೀಸ 61% ಇಳಿದಿತ್ತು. ಹೃದಯ? ಸಾವು, ಹೃದಯಾಘಾತ, ಪಾರ್ಶ್ವವಾಯು ಮುಂತಾದವೆಲ್ಲ ಸೇರಿ ಔಷಧ ಪಡೆದವರಲ್ಲಿ 35.6%, ಔಷಧವಿಲ್ಲದ ಬರೀ ಡ್ರಿಪ್ ಪಡೆದವರಲ್ಲಿ 35.7%. ತನ್ನ ಲೆಕ್ಕವನ್ನು ತಾನೇ ಮತ್ತೆ ಕೂಡಿಸಿ ನೋಡಿದ ಆ ಮನುಷ್ಯ ನನಗೆ ಇಷ್ಟವಾದ. ನಿನಗೂ ಆಗಬೇಕು.

ರಕ್ತದಲ್ಲಿ ಇಳಿಯಿತು ಅಂದರೂ, ಸೀಸ ಒಂದೇ ದಿನ ಮೈ ಸೇರಿದ್ದಲ್ಲ. ನಿಮ್ಮಪ್ಪನ ಹರೆಯದಲ್ಲಿ ಪೆಟ್ರೋಲಿಗೇ ಸೀಸ ಬೆರೆಸುತ್ತಿದ್ದರು. ನಮ್ಮಲ್ಲಿ ಅದು ನಿಂತದ್ದು 2000ದಲ್ಲಿ. ಒಳಗೆ ಹೋದದ್ದರ ಬಹುಪಾಲು ಮೂಳೆಯಲ್ಲಿ ಬೇರುಬಿಟ್ಟು ಕೂತಿರುತ್ತದೆ.

ಇನ್ನೊಂದು ಆಟ ಗೊತ್ತಿರಲಿ. ಮೊದಲು ಕೀಲೇಷನ್ ಔಷಧ ಕೊಟ್ಟು ಆಮೇಲೆ ಮೂತ್ರ ಪರೀಕ್ಷೆ ಮಾಡಿದರೆ ನನ್ನ ಮೂತ್ರದಲ್ಲೂ, ನಿನ್ನದರಲ್ಲೂ ಲೋಹ ಹೆಚ್ಚೇ ಕಾಣುತ್ತದೆ. ಆ ಕೆಂಪಕ್ಷರದ ರಿಪೋರ್ಟ್ ನೋಡಿ ಎದೆ ಒಡೆದುಕೊಳ್ಳಬೇಡ. ಔಷಧ ಕೊಡದೆ ತೆಗೆದ ರಕ್ತದ ಪರೀಕ್ಷೆ ಕೇಳು. ಡ್ರಿಪ್‌ನಲ್ಲಿ ಹಾಕುವ ಇಡಿಟಿಎ ಅನ್ನೋ ಈ ಔಷಧ ಸೀಸದಂಥ ಲೋಹವನ್ನಷ್ಟೇ ಅಲ್ಲ, ಕ್ಯಾಲ್ಸಿಯಂ ಅನ್ನೂ ಹಿಡಿಯುತ್ತದೆ. 2003ರಿಂದ 2005ರ ನಡುವೆ ಅಮೆರಿಕದಲ್ಲಿ ಈ ಚಿಕಿತ್ಸೆಯಿಂದ ಕ್ಯಾಲ್ಸಿಯಂ ಕುಸಿದು ಮೂವರು ಸತ್ತರು, ಅದರಲ್ಲಿ ಇಬ್ಬರು ಮಕ್ಕಳು. ಹಳೆ ಬ್ಯಾಟರಿ ಕರಗಿಸುವ ಕೆಲಸದವನಿಗೆ ನಿಜವಾಗಿ ಸೀಸದ ವಿಷ ಏರಿದ್ದರೆ ಮಾತು ಬೇರೆ, ಅವನಿಗೆ ಕೀಲೇಷನ್ ಜೀವ ಉಳಿಸುವ ಮದ್ದು. ಅದೂ ದೊಡ್ಡಾಸ್ಪತ್ರೆಯಲ್ಲಿ, ಗೊತ್ತಿರುವ ಡಾಕ್ಟರ ಕೈಯಲ್ಲಿ.

ಲೋಹದ ಮೇಲೆ ಅಷ್ಟು ಸಿಟ್ಟಿದ್ದರೆ ಮನೆಯಿಂದಲೇ ಶುರುಮಾಡು. ಬೀಡಿ ಹೊಗೆಯಲ್ಲಿ ಕ್ಯಾಡ್ಮಿಯಂ ಇದೆ. ಅಪ್ಪ ಹಿತ್ತಲಲ್ಲಿ ನಿಂತು ಸೇದುವಾಗ ನೀನು ಕಾಣದವನ ಹಾಗೆ ಹಾದುಹೋಗುತ್ತೀಯಲ್ಲ! ಬೀಡಿ ಬಿಡಿಸದೆ ಡ್ರಿಪ್ ಹಾಕಿಸಿದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಶಕ್ತಿ ಬರಲೆಂದು ತರಿಸಿಟ್ಟ, ಬಿಲ್ಲೂ ಇಲ್ಲದ, ಹೆಸರೂ ಇಲ್ಲದ ಭಸ್ಮದ ಪೊಟ್ಟಣವನ್ನು ಡಾಕ್ಟರಿಗೆ ತೋರಿಸು. ಕೆಲವದರಲ್ಲಿ ಸೀಸ, ಪಾದರಸ ಸಿಕ್ಕಿದ್ದುಂಟು.

ಆಮೇಲೆ ಗುಳಿಗೆ ಡಬ್ಬಿ ತೆಗೆದು ಎಣಿಸು. ಹದಿನೈದನೇ ತಾರೀಕಿಗೆ ಮುಗಿಯಬೇಕಾದ ಗುಳಿಗೆ ತಿಂಗಳ ಕೊನೆಯಲ್ಲೂ ಅರ್ಧ ಉಳಿದಿದ್ದರೆ, ನಾಳೆ ಮೊದಲು ಮಾತಾಡಬೇಕಾದ್ದು ಅಪ್ಪನ ಹತ್ತಿರ.