ಕೇಳಿದ ಸುದ್ದಿಯೂ ನಮ್ಮ ಗುಮಾನಿಯೂ

ಕೆಂಗೇರಿ ಉಪನಗರದಲ್ಲಿ ನೀವು ಧಾರಾವಾಹಿಯ ಸೊಸೆಗಾಗಿ ಕಣ್ಣೀರಿಡುತ್ತೀರಿ. ಅಪರಾಧ ಸುದ್ದಿ ನೋಡಿದೊಡನೆ, ಎದುರು ಮನೆಯ ಹೊಸ ಬಾಡಿಗೆದಾರನ ಮೇಲೆ ಗುಮಾನಿ ಪಡುತ್ತೀರಿ. ಅವನ ಹೆಸರನ್ನಂತೂ ಕೇಳಿರುವುದಿಲ್ಲ!

ಇದನ್ನು ಸಣ್ಣ ವಿಷಯವೆಂದು ಭಾವಿಸಬೇಡಿರಿ. 2018ರ ಮೇ ತಿಂಗಳಲ್ಲಿ ಬೆಂಗಳೂರಿನದೇ ಚಾಮರಾಜಪೇಟೆಯಲ್ಲಿ, ಮಕ್ಕಳ ಕಳ್ಳನೆಂಬ ವದಂತಿ ನಂಬಿ ರಾಜಸ್ಥಾನದ ಯುವಕನೊಬ್ಬನನ್ನು ಜನರು ಹೊಡೆದು ಕೊಂದರು. ಅದೇ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಇಂಜಿನಿಯರೊಬ್ಬರು ಹೀಗೆಯೇ ಪ್ರಾಣ ಕಳಕೊಂಡರು. ಅವರೊಂದಿಗಿದ್ದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ಉಳಿದುದನ್ನು ವಾಟ್ಸಾಪ್ ಸಂದೇಶ ಮಾಡಿತು.

ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 6ನೇ ಸೂಕ್ತವು ತಂದ ಸುದ್ದಿಯನ್ನು ಪರಿಶೀಲಿಸಲು ಆಜ್ಞಾಪಿಸುತ್ತದೆ. 12ನೇ ಸೂಕ್ತವು ಗುಮಾನಿ, ಗೂಢಚರ್ಯೆ, ಪರದೂಷಣೆಗಳನ್ನು ಒಂದರ ಹಿಂದೊಂದು ತಡೆಯುತ್ತದೆ. ಈ ಕ್ರಮವನ್ನು ಗಮನಿಸಿರಿ: ಮೊದಲು ಮನಸ್ಸು, ಅನಂತರ ಕಿಟಕಿಯಿಂದ ಇಣುಕುವ ಕಣ್ಣು, ಕೊನೆಗೆ ನಾಲಗೆ. ಈಗ ನಾಲಗೆಯ ಕೆಲಸವನ್ನು ಬೆರಳು ಮಾಡುತ್ತಿದೆ.

ಎಚ್ಚರ ಬೇಡವೆಂದಲ್ಲ. ಚಿಲಕ ಹಾಕಿರಿ, ಮಕ್ಕಳ ಮೇಲೆ ನಿಗಾ ಇಡಿರಿ, ಅಪಾಯ ಕಂಡರೆ 112ಕ್ಕೆ ಕರೆ ಮಾಡಿರಿ. ಆದರೆ ಕಂಡದ್ದನ್ನಷ್ಟೇ ಹೇಳಿರಿ.

ಸಾರಿಗೆ ನೀರು ಹೆಚ್ಚಿಸಿ ನೆರೆಯವರಿಗೂ ಕೊಡುವಂತೆ ಪ್ರವಾದಿ(ಸ) ಅಬೂದರ್ರ್(ರ)ರಿಗೆ ತಿಳಿಸಿದ್ದರು. ಇಂದು ರಾತ್ರಿ ಎದುರು ಮನೆಗೆ ಒಂದು ಬಟ್ಟಲು ಕೊಂಡೊಯ್ಯಿರಿ. ಹೆಸರನ್ನೂ ಕೇಳಿ ಬರಬಹುದು.